ಕಾಲೇಜಿನ ದರ್ಜೆಯಂಕಗಳ ಸರಾಸರಿ: ಅದನ್ನು ಎಣಿಸುವ ಮತ್ತು ಯೋಜಿಸುವ ಬಗೆ

ಪ್ರತಿ ವರುಷವೂ ಸೆಮಿಸ್ಟರಿನ ಫಲಿತಾಂಶಗಳು ಪ್ರಕಟವಾಗುವ ಕಾಲಕ್ಕೆ, ನಮ್ಮ ಶಾಲೆಯನ್ನು ಬಿಟ್ಟು ಕಾಲೇಜು ಸೇರಿದ ಹೆಣ್ಣುಮಕ್ಕಳು ಕೆಲವರು, ಅವರ ತಂದೆತಾಯಿಗಳು ಕೆಲವರು, ಒಂದು ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮಲ್ಲಿಗೆ ಬರುವುದುಂಟು. ಆ ಕಾಗದದ ಕೆಳಗಡೆ ೬.೦೫ ಎಂದೋ ೭.೪೦ ಎಂದೋ ಒಂದು ಸಂಖ್ಯೆ ಇರುತ್ತದೆ. ಅದು ಒಳ್ಳೆಯದೋ ಕೆಟ್ಟದ್ದೋ, ಎಲ್ಲಿಂದ ಬಂದಿತು, ಮುಂದೆ ಅದನ್ನು ಹೆಚ್ಚಿಸಿಕೊಳ್ಳುವ ದಾರಿ ಯಾವುದು ಎಂಬುದು ಅವರ ಪ್ರಶ್ನೆ. ಈ ಸ್ಮರಣ ಸಂಚಿಕೆಯು ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಕೈ ಸೇರುವುದರಿಂದ, ಆ ಪ್ರಶ್ನೆಗೆ ಇಲ್ಲಿಯೇ ವಿಸ್ತಾರವಾಗಿ ಉತ್ತರ ಬರೆಯಬೇಕೆಂದು ಗಣಿತ ಕಲಿಸುವ ನಾವು ನಿಶ್ಚಯಿಸಿದೆವು. ಹೀಗೆ ನಿಶ್ಚಯಿಸುವುದಕ್ಕೆ ಇನ್ನೊಂದು ಕಾರಣವೂ ಉಂಟು. ಈ ಲೆಕ್ಕವನ್ನು ಬಲ್ಲೆವೆಂದು ತಿಳಿದಿದ್ದ ನಾವೇ ಒಮ್ಮೆ ತಪ್ಪಿದೆವು; ನಮ್ಮ ತಪ್ಪಿನ ದಂಡವನ್ನು ಹುಲಕೋಟಿಯ ಒಬ್ಬ ಒಕ್ಕಲಿಗನು ತೆರಬೇಕಾಯಿತು. ಆ ಸಂಗತಿಯನ್ನು ಮುಚ್ಚಿಡದೆ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಹುಲಕೋಟಿಯಿಂದ ಬಂದ ಕಾಗದ

ಕೆಲವು ವರ್ಷಗಳ ಹಿಂದೆ, ಕಡಲೆ ಒಕ್ಕುವ ದಿನಗಳಲ್ಲಿ, ಹುಲಕೋಟಿಯ ಆ ತಂದೆಯು ನಮ್ಮ ಶಾಲೆಗೆ ಬಂದನು. ಅವನ ಮಗಳು ಎಂಟನೆಯ ತರಗತಿಯಿಂದ ಹತ್ತರ ವರೆಗೆ ನಮ್ಮಲ್ಲಿಯೇ ಓದಿ, ಪಿ.ಯು.ಸಿ.ಯನ್ನು ಮುಗಿಸಿ, ಎಂಜಿನಿಯರಿಂಗ್ ಕಾಲೇಜೊಂದನ್ನು ಸೇರಿದ್ದಳು. ಆ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ಅವಳೇ ಮೊದಲನೆಯವಳು. ತಂದೆಯು ಕಾಗದವನ್ನು ನಮ್ಮ ಮುಂದಿಟ್ಟು, "ಅಕ್ಕಾರ, ನೂರಕ್ಕ ಎಂಬತ್ತರ ಮ್ಯಾಲೆ ತಗೀತಿದ್ದ ಹುಡುಗಿ ಈಗ ಹತ್ತಕ್ಕ ಆರು ತಂದಾಳ. ಇದು ಪಾಸೋ ನಪಾಸೋ? ನಪಾಸಿದ್ರ ಹೇಳಿಬಿಡ್ರಿ, ಮನಿಗೆ ಕರಕೊಂಡು ಬರ್ತೀನಿ" ಎಂದನು. ಮಗಳನ್ನು ಊರಿಗೆ ಕರೆತಂದರೆ ಅವಳು ತಿರುಗಿ ಕಾಲೇಜಿಗೆ ಹೋಗಲಾರಳೆಂಬುದು ಅವನಿಗೂ ತಿಳಿದಿತ್ತು, ನಮಗೂ ತಿಳಿದಿತ್ತು.

ನಾವು ಕಾಗದವನ್ನು ನೋಡಿದೆವು. ಏಳು ವಿಷಯಗಳ ಮಾರ್ಕುಗಳನ್ನು ಕೂಡಿಸಿದೆವು, ೪೯೦ ಆಯಿತು. ಏಳರಿಂದ ಭಾಗಿಸಿದೆವು, ಸರಿಯಾಗಿ ೭೦ ಬಂದಿತು. ನೂರಕ್ಕೆ ೭೦ ಎಂದ ಮೇಲೆ ಹತ್ತಕ್ಕೆ ೭.೦೦ ಇರಬೇಕು, ಆದರೆ ಕಾಗದದಲ್ಲಿ ೬.೦೫ ಎಂದಿತ್ತು. ಲೆಕ್ಕದಲ್ಲಿ ಎಲ್ಲಿಯೋ ಪ್ರಮಾದವಾಗಿದೆಯೆಂದು ಹೇಳಿ, ಅದನ್ನು ತಿದ್ದಬೇಕೆಂದು ಒಂದು ಅರ್ಜಿಯನ್ನೂ ನಾವೇ ಬರೆದುಕೊಟ್ಟೆವು. ಆ ಮನುಷ್ಯನು ಒಂದು ದಿನದ ಒಕ್ಕಣೆಯನ್ನು ಬಿಟ್ಟು, ಬಸ್ಸಿನ ಖರ್ಚು ಮಾಡಿಕೊಂಡು, ಮಗಳ ಕಾಲೇಜಿನ ಕಚೇರಿಗೆ ಹೋದನು. ಅಲ್ಲಿಯವರು ಅರ್ಜಿಯನ್ನು ಓದಿ, ಒಂದು ಹಾಳೆಯ ಮೇಲೆ ಐದು ನಿಮಿಷದಲ್ಲಿ ಲೆಕ್ಕ ಮಾಡಿ ತೋರಿಸಿ, ೬.೦೫ ಎಂಬುದೇ ಸರಿಯೆಂದು ಹೇಳಿ ಕಳುಹಿಸಿದರು. ಅವನು ಆ ಹಾಳೆಯನ್ನು ನಮಗೆ ತಂದುಕೊಟ್ಟನು. ಒಂದು ಮಾತನ್ನೂ ಆಡಲಿಲ್ಲ. ಆ ಹಾಳೆಯನ್ನು ಮುಂದಿಟ್ಟುಕೊಂಡು ನಾವು ಈ ವಿಷಯವನ್ನು ಮೊದಲಿನಿಂದ ಕಲಿತೆವು.

ಹಳೆಯ ಕ್ಲಾಸುಗಳೂ ಹೊಸ ದರ್ಜೆಗಳೂ

ನಮ್ಮ ಹಿರಿಯರಿಗೆ ಕ್ಲಾಸುಗಳ ಲೆಕ್ಕವು ಪರಿಚಿತವಾದುದು. ಕರ್ನಾಟಕ ವಿಶ್ವವಿದ್ಯಾಲಯವು ೧೯೪೯ರಲ್ಲಿ ಸ್ಥಾಪಿತವಾಗುವ ವರೆಗೆ ಈ ಸೀಮೆಯ ಮಕ್ಕಳು ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಗಳಿಗೆ ಕೂಡುತ್ತಿದ್ದರು. ಆಮೇಲೆ ಧಾರವಾಡದ ವಿಶ್ವವಿದ್ಯಾಲಯದ ಪರೀಕ್ಷೆಗಳು ಬಂದವು. ಎರಡರಲ್ಲಿಯೂ ಎಲ್ಲ ಮಾರ್ಕುಗಳನ್ನು ಕೂಡಿಸಿ, ನೂರಕ್ಕೆ ಇಷ್ಟೆಂದು ಎಣಿಸಿ, ಫರ್ಸ್ಟ್ ಕ್ಲಾಸು, ಸೆಕೆಂಡ್ ಕ್ಲಾಸು, ಪಾಸ್ ಕ್ಲಾಸು ಎಂದು ಹೇಳುವುದು ರೂಢಿಯಾಗಿತ್ತು. ನಾವು ಓದಿದ್ದೂ ಆ ಪದ್ಧತಿಯಲ್ಲಿಯೇ; ನಮ್ಮ ತಪ್ಪಿನ ಮೂಲವೂ ಅದೇ.

ದರ್ಜೆಗಳ ಪದ್ಧತಿಯು ಅಮೆರಿಕದ ವಿದ್ಯಾಲಯಗಳಲ್ಲಿ ಬಹುಕಾಲದಿಂದ ನಡೆದುಬಂದುದು. ನಮ್ಮ ನಾಡಿನಲ್ಲಿ ೧೯೬೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾನಿಲಯವು ಅಮೆರಿಕದ ಮಾದರಿಯನ್ನು ಅನುಸರಿಸಿತು. ಅದರಿಂದ ಬೇರೆಯಾಗಿ ೧೯೮೬ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಹುಟ್ಟಿತು. ಈ ಕಾರಣದಿಂದ, ಮಕ್ಕಳನ್ನು ಕೃಷಿ ಪದವಿಗೆ ಕಳುಹಿಸಿದ ಒಕ್ಕಲು ಮನೆತನಗಳಿಗೆ ಈ ಸರಾಸರಿಯ ಹೆಸರು ಇತರರಿಗಿಂತ ಮೊದಲೇ ಕಿವಿಗೆ ಬಿದ್ದಿತ್ತು. ಮುಂದೆ ೨೦೧೪ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಹತ್ತು ಅಂಕಗಳ ಒಂದು ದರ್ಜೆಪಟ್ಟಿಯನ್ನು ದೇಶದ ವಿದ್ಯಾಲಯಗಳಿಗೆಲ್ಲ ಮಾರ್ಗದರ್ಶನವಾಗಿ ಕೊಟ್ಟಿತು. ಈಗ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ (ಹುಲಕೋಟಿಯಲ್ಲಿಯೇ ಅಂತಹ ಕಾಲೇಜೊಂದು ಉಂಟು) ಇದೇ ಬಗೆಯ ಲೆಕ್ಕ ನಡೆಯುತ್ತದೆ.

ಆಯೋಗದ ಪಟ್ಟಿಯಲ್ಲಿ ಎಂಟು ದರ್ಜೆಗಳುಂಟು. 'ಓ' ಎಂಬುದಕ್ಕೆ ೧೦ ಅಂಕ, 'ಎ ಪ್ಲಸ್'ಗೆ ೯, 'ಎ'ಗೆ ೮, 'ಬಿ ಪ್ಲಸ್'ಗೆ ೭, 'ಬಿ'ಗೆ ೬, 'ಸಿ'ಗೆ ೫, 'ಪಿ' ಎಂಬ ಬರಿಯ ತೇರ್ಗಡೆಗೆ ೪, 'ಎಫ್' ಎಂಬ ನಪಾಸಿಗೆ ೦. ಈ ಅಂಕವನ್ನು ನಾವು ಇಲ್ಲಿ ದರ್ಜೆಯಂಕವೆಂದು ಕರೆಯುವೆವು. ಎಷ್ಟು ಮಾರ್ಕಿಗೆ ಯಾವ ದರ್ಜೆಯೆಂಬುದನ್ನು ಆಯಾ ವಿಶ್ವವಿದ್ಯಾಲಯವು ಗೊತ್ತುಮಾಡುತ್ತದೆ. ಈ ಲೇಖದಲ್ಲಿ ನಾವು ಹಿಡಿದಿರುವ ಮೇರೆಗಳು ಇವು: ೯೦ ಮತ್ತು ಅದಕ್ಕೆ ಮೇಲ್ಪಟ್ಟು ೧೦, ೮೦ರಿಂದ ೮೯ಕ್ಕೆ ೯, ೭೦ರಿಂದ ೭೯ಕ್ಕೆ ೮, ೬೦ರಿಂದ ೬೯ಕ್ಕೆ ೭, ೫೫ರಿಂದ ೫೯ಕ್ಕೆ ೬, ೫೦ರಿಂದ ೫೪ಕ್ಕೆ ೫, ೪೦ರಿಂದ ೪೯ಕ್ಕೆ ೪, ೪೦ಕ್ಕೆ ಕಡಿಮೆಯಾದರೆ ೦. ಓದುಗರು ತಮ್ಮ ಮಗಳ ವಿಶ್ವವಿದ್ಯಾಲಯದ ಮೇರೆಗಳನ್ನು ನಿಯಮಪುಸ್ತಕದಿಂದ ನೋಡಿಕೊಳ್ಳತಕ್ಕದ್ದು.

ಕ್ರೆಡಿಟ್ ಎಂದರೇನು?

ದರ್ಜೆಯಂಕಗಳನ್ನು ಸುಮ್ಮನೆ ಕೂಡಿಸಿ ವಿಷಯಗಳ ಸಂಖ್ಯೆಯಿಂದ ಭಾಗಿಸಕೂಡದು. ಪ್ರತಿಯೊಂದು ವಿಷಯಕ್ಕೂ ಒಂದು ತೂಕವುಂಟು. ಅದಕ್ಕೆ ಕ್ರೆಡಿಟ್ ಎಂದು ಹೆಸರು. ವಾರಕ್ಕೆ ಒಂದು ತಾಸಿನ ಪಾಠವು ಸೆಮಿಸ್ಟರಿನುದ್ದಕ್ಕೂ ನಡೆದರೆ ಒಂದು ಕ್ರೆಡಿಟ್. ಪ್ರಯೋಗಶಾಲೆಯ ಕೆಲಸವಾದರೆ ವಾರಕ್ಕೆ ಎರಡು ತಾಸಿಗೆ ಒಂದು ಕ್ರೆಡಿಟ್. ಹೀಗಿರಲಾಗಿ ನಾಲ್ಕು ಕ್ರೆಡಿಟ್ಟಿನ ಗಣಿತವೂ ಒಂದು ಕ್ರೆಡಿಟ್ಟಿನ ಕನ್ನಡವೂ ಸರಾಸರಿಯಲ್ಲಿ ಸಮಾನವಾಗಲಾರವು.

ಇದನ್ನು ಆ ತಂದೆಗೆ ತಿಳಿಸುವುದಕ್ಕೆ ನಮಗೆ ಹತ್ತಿಯ ಉದಾಹರಣೆಯೇ ಒದಗಿತು. ಗದಗಿನ ದಲಾಲಿ ಅಂಗಡಿಯಲ್ಲಿ ಒಬ್ಬನು ನಾಲ್ಕು ಕ್ವಿಂಟಲ್ ಹತ್ತಿಯನ್ನು ಕ್ವಿಂಟಲಿಗೆ ೭,೦೦೦ ರೂಪಾಯಿಯಂತೆಯೂ, ಮಳೆಯಲ್ಲಿ ನೆನೆದ ಒಂದು ಕ್ವಿಂಟಲನ್ನು ೬,೦೦೦ ರೂಪಾಯಿಗೂ ಮಾರಿದನೆಂದು ಇಟ್ಟುಕೊಳ್ಳಿರಿ. ಅವನಿಗೆ ಸಿಕ್ಕಿದ ಸರಾಸರಿ ಧಾರಣೆ ಎಷ್ಟು? ಎರಡು ಧಾರಣೆಗಳನ್ನು ಕೂಡಿಸಿ ಎರಡರಿಂದ ಭಾಗಿಸಿ ೬,೫೦೦ ಎಂದು ಯಾವ ಒಕ್ಕಲಿಗನೂ ಹೇಳುವುದಿಲ್ಲ. ಕೈಗೆ ಬಂದ ೩೪,೦೦೦ ರೂಪಾಯಿಯನ್ನು ಐದು ಕ್ವಿಂಟಲಿಗೆ ಹಂಚಿ ೬,೮೦೦ ಎಂದು ಹೇಳುತ್ತಾನೆ. ಇದನ್ನು ಕೇಳಿ ಆ ತಂದೆಯು ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡು, "ಅಂದ್ರ ಗಣಿತ ಅನ್ನೂದು ನಾಕು ಕ್ವಿಂಟಲ್ ಮಾಲು, ಕನ್ನಡ ಒಂದ ಕ್ವಿಂಟಲ್ ಮಾಲು. ದೊಡ್ಡ ಮಾಲಿಗೇ ಧಾರಣಿ ಬಿದ್ದೈತಿ" ಎಂದನು. ಇದಕ್ಕಿಂತ ಸ್ಪಷ್ಟವಾಗಿ ನಾವು ಹೇಳಲಾರೆವು.

ಒಂದು ಸೆಮಿಸ್ಟರಿನ ಲೆಕ್ಕ

ಆ ಹುಡುಗಿಯ ಮೊದಲ ಸೆಮಿಸ್ಟರಿನ ಪಟ್ಟಿಯು ಹೀಗಿತ್ತು. ಪ್ರತಿ ಸಾಲಿನ ಕೊನೆಯಲ್ಲಿರುವುದು ಕ್ರೆಡಿಟ್ಟನ್ನೂ ದರ್ಜೆಯಂಕವನ್ನೂ ಗುಣಿಸಿ ಬಂದ ಮೊತ್ತ.

ಗಣಿತ: ಕ್ರೆಡಿಟ್ ೪, ಮಾರ್ಕು ೩೭, ದರ್ಜೆಯಂಕ ೦, ಮೊತ್ತ ೦.
ಭೌತಶಾಸ್ತ್ರ: ಕ್ರೆಡಿಟ್ ೪, ಮಾರ್ಕು ೫೯, ದರ್ಜೆಯಂಕ ೬, ಮೊತ್ತ ೨೪.
ವಿದ್ಯುತ್ ಶಾಸ್ತ್ರ: ಕ್ರೆಡಿಟ್ ೩, ಮಾರ್ಕು ೬೯, ದರ್ಜೆಯಂಕ ೭, ಮೊತ್ತ ೨೧.
ಕಂಪ್ಯೂಟರ್ ಪ್ರೋಗ್ರಾಮಿಂಗ್: ಕ್ರೆಡಿಟ್ ೩, ಮಾರ್ಕು ೭೨, ದರ್ಜೆಯಂಕ ೮, ಮೊತ್ತ ೨೪.
ಎಂಜಿನಿಯರಿಂಗ್ ಡ್ರಾಯಿಂಗ್: ಕ್ರೆಡಿಟ್ ೩, ಮಾರ್ಕು ೭೯, ದರ್ಜೆಯಂಕ ೮, ಮೊತ್ತ ೨೪.
ಇಂಗ್ಲಿಷ್: ಕ್ರೆಡಿಟ್ ೨, ಮಾರ್ಕು ೮೧, ದರ್ಜೆಯಂಕ ೯, ಮೊತ್ತ ೧೮.
ಕನ್ನಡ: ಕ್ರೆಡಿಟ್ ೧, ಮಾರ್ಕು ೯೩, ದರ್ಜೆಯಂಕ ೧೦, ಮೊತ್ತ ೧೦.

ಮೊತ್ತಗಳನ್ನೆಲ್ಲ ಕೂಡಿಸಿದರೆ ೧೨೧. ಕ್ರೆಡಿಟ್ಟುಗಳನ್ನು ಕೂಡಿಸಿದರೆ ೨೦. ೧೨೧ನ್ನು ೨೦ರಿಂದ ಭಾಗಿಸಲು ೬.೦೫ ಬರುತ್ತದೆ. ಇದಕ್ಕೆ ಸೆಮಿಸ್ಟರಿನ ದರ್ಜೆಯಂಕ ಸರಾಸರಿ, ಅಂದರೆ ಎಸ್.ಜಿ.ಪಿ.ಎ. ಎಂದು ಹೆಸರು. ಲೆಕ್ಕವೆಲ್ಲ ಇಷ್ಟೇ.

ಹಾಗಾದರೆ ನಮ್ಮ ೭೦ ಎಲ್ಲಿ ಹೋಯಿತು? ಮೊದಲನೆಯದಾಗಿ, ತೂಕವನ್ನು ನಾವು ಮರೆತಿದ್ದೆವು. ಮಾರ್ಕುಗಳನ್ನೇ ಕ್ರೆಡಿಟ್ಟಿನಿಂದ ಗುಣಿಸಿ ಕೂಡಿಸಿದರೆ ೧,೨೯೯ ಆಗುತ್ತದೆ. ಅದನ್ನು ೨೦ರಿಂದ ಭಾಗಿಸಿದರೆ ೬೪.೯೫ ಮಾತ್ರ. ಕನ್ನಡದ ೯೩ ಹಗುರವಾದ ವಿಷಯದ ಮೇಲಿತ್ತು, ಗಣಿತದ ೩೭ ಭಾರವಾದ ವಿಷಯದ ಮೇಲಿತ್ತು. ಎರಡನೆಯದಾಗಿ, ನಪಾಸಾದ ವಿಷಯದಲ್ಲಿ ಬಂದ ೩೭ ಮಾರ್ಕುಗಳಿಗೆ ಏನೂ ಬೆಲೆಯಿಲ್ಲ. ಆದರೆ ಆ ವಿಷಯದ ನಾಲ್ಕು ಕ್ರೆಡಿಟ್ಟುಗಳು ಭಾಜಕದಲ್ಲಿ ಹಾಗೆಯೇ ನಿಲ್ಲುತ್ತವೆ. ಇದರಿಂದಲೇ ಸರಾಸರಿಯು ೦.೭೪ರಷ್ಟು ಇಳಿಯಿತು. ಮೂರನೆಯದಾಗಿ, ೭೨ಕ್ಕೂ ೭೯ಕ್ಕೂ ೮ ಅಂಕವನ್ನೇ ಕೊಡುವುದರಿಂದ ಸ್ವಲ್ಪ ಲಾಭವೂ ಆಗಿ, ೦.೨೯ಕ್ಕೆ ಮಿಕ್ಕಿ ತಿರುಗಿ ಬಂದಿತು. ಈ ಮೂರು ಸೇರಿಯೇ ೭.೦೦ ಎಂದು ನಾವು ತಿಳಿದದ್ದು ೬.೦೫ ಆಯಿತು.

ಎಂಟನೆಯ ತರಗತಿಯಿಂದ ಆ ಹುಡುಗಿಗೆ ಗಣಿತ ಕಲಿಸಿದವರು ನಾವೇ. ಮೊದಲ ದಿನ ಕಾಗದ ನೋಡಿದಾಗ ೩೭ನ್ನು ಕಂಡೂ, ಒಟ್ಟು ೭೦ ಬಂದಿದೆಯೆಂಬ ಸಂತೋಷದಲ್ಲಿ ಅದನ್ನು ದಾಟಿ ಹೋದೆವೆಂಬುದು ನಮ್ಮನ್ನು ಅರ್ಜಿಯ ತಪ್ಪಿಗಿಂತ ಹೆಚ್ಚಾಗಿ ನೋಯಿಸಿತು.

ಒಂದೊಂದು ಮಾರ್ಕಿನ ಬೆಲೆ

ಪಟ್ಟಿಯನ್ನು ಇನ್ನೊಮ್ಮೆ ನೋಡಿರಿ. ಭೌತಶಾಸ್ತ್ರದಲ್ಲಿ ೫೯, ವಿದ್ಯುತ್ ಶಾಸ್ತ್ರದಲ್ಲಿ ೬೯, ಡ್ರಾಯಿಂಗಿನಲ್ಲಿ ೭೯. ಈ ಮೂರರಲ್ಲಿಯೂ ಒಂದೊಂದೇ ಮಾರ್ಕು ಹೆಚ್ಚು ಬಂದಿದ್ದರೆ ಮೊತ್ತವು ಕ್ರಮವಾಗಿ ೪, ೩ ಮತ್ತು ೩ರಷ್ಟು ಹೆಚ್ಚಿ, ೧೨೧ರ ಬದಲು ೧೩೧ ಆಗುತ್ತಿತ್ತು, ಸರಾಸರಿಯು ೬.೫೫ಕ್ಕೆ ಏರುತ್ತಿತ್ತು. ಮೂರು ಮಾರ್ಕಿಗೆ ಅರ್ಧ ಅಂಕ! ಇದಕ್ಕೆ ವಿರುದ್ಧವಾಗಿ, ಕನ್ನಡದಲ್ಲಿ ೯೩ರ ಬದಲು ೯೦ ಬಂದಿದ್ದರೂ ಏನೂ ನಷ್ಟವಾಗುತ್ತಿರಲಿಲ್ಲ.

ಆದುದರಿಂದ ಮೇರೆಯ ಸಮೀಪದಲ್ಲಿರುವ ವಿಷಯ ಯಾವುದೆಂಬುದನ್ನು ಪರೀಕ್ಷೆಗಿಂತ ಮೊದಲೇ ತಿಳಿಯುವುದು ಲೇಸು. ಇದನ್ನು ತಿಳಿಯುವುದು ಸಾಧ್ಯವೂ ಇದೆ. ಏಕೆಂದರೆ ಆಂತರಿಕ ಮಾರ್ಕುಗಳು ಕೊನೆಯ ಪರೀಕ್ಷೆಗೆ ಮುಂಚೆಯೇ ಗೊತ್ತಾಗುತ್ತವೆ. ಆಂತರಿಕಕ್ಕೆ ೫೦, ಕೊನೆಯ ಪರೀಕ್ಷೆಗೆ ೫೦ ಎಂದು ಹಿಡಿಯೋಣ. ಕೊನೆಯ ಪರೀಕ್ಷೆಯನ್ನು ೧೦೦ಕ್ಕೆ ಬರೆದು ಅರ್ಧಕ್ಕೆ ಇಳಿಸುವರೆಂದೂ ಹಿಡಿಯೋಣ. ಒಬ್ಬಳಿಗೆ ಆಂತರಿಕದಲ್ಲಿ ೩೮ ಬಂದಿದ್ದರೆ, ೭೦ ಮುಟ್ಟುವುದಕ್ಕೆ ಇನ್ನೂ ೩೨ ಬೇಕು. ಅಂದರೆ ೧೦೦ರ ಪ್ರಶ್ನಪತ್ರಿಕೆಯಲ್ಲಿ ೬೪ ಪಡೆಯಬೇಕು. ೮೦ ಮುಟ್ಟಬೇಕಾದರೆ ೮೪ ಪಡೆಯಬೇಕು. ಈ ಎರಡು ಸಂಖ್ಯೆಗಳನ್ನು ಪ್ರತಿ ವಿಷಯಕ್ಕೂ ಬರೆದುಕೊಂಡರೆ, ಓದಿಗೆ ಉಳಿದ ದಿನಗಳನ್ನು ಹೇಗೆ ಹಂಚಬೇಕೆಂಬುದು ತಾನಾಗಿಯೇ ಗೋಚರವಾಗುವುದು. ಆದರೆ ೭೦ ಬೇಕಾದವಳು ಸರಿಯಾಗಿ ೭೦ಕ್ಕೇ ಗುರಿಯಿಡಬಾರದು. ನಾಲ್ಕೈದು ಮಾರ್ಕು ಮೇಲಕ್ಕೆ ಇಡಬೇಕು. ಮೇರೆಯ ಅಂಚಿನಲ್ಲಿ ನಿಂತವಳು ಒಂದು ಮಾರ್ಕಿಗೆ ಜಾರುವಳೆಂಬುದನ್ನು ಮೇಲೆ ಕಂಡೆವಷ್ಟೆ.

ಕೃಷಿ ವಿಶ್ವವಿದ್ಯಾನಿಲಯಗಳ ಪದ್ಧತಿಯು ಈ ವಿಷಯದಲ್ಲಿ ಭಿನ್ನವಾದುದು. ಅಲ್ಲಿ ನೂರಕ್ಕೆ ಬಂದ ಮಾರ್ಕನ್ನು ಹತ್ತರಿಂದ ಭಾಗಿಸಿದುದೇ ದರ್ಜೆಯಂಕ, ೭೯ಕ್ಕೆ ೭.೯, ೭೨ಕ್ಕೆ ೭.೨. ಅಲ್ಲಿ ಮೇರೆಯ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದೊಂದು ಮಾರ್ಕಿಗೂ ಅದರದರ ಬೆಲೆಯುಂಟು. ಆದರೆ ತೇರ್ಗಡೆಯಾಗುವುದಕ್ಕೆ ೫೦ ಬೇಕು. ಒಂದೇ ಊರಿನ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಕೃಷಿಯನ್ನೂ ಇನ್ನೊಬ್ಬಳು ಎಂಜಿನಿಯರಿಂಗನ್ನೂ ಓದುತ್ತಿದ್ದರೆ ಅವರ ಸರಾಸರಿಗಳನ್ನು ಹೋಲಿಸಿ ನೋಡುವುದು ನ್ಯಾಯವಲ್ಲ. ಸೇರು ಬೇರೆ, ಅಳತೆ ಬೇರೆ.

ಒಟ್ಟು ಸರಾಸರಿ

ಎಲ್ಲ ಸೆಮಿಸ್ಟರುಗಳನ್ನೂ ಸೇರಿಸಿ ಎಣಿಸುವ ಸರಾಸರಿಗೆ ಸಿ.ಜಿ.ಪಿ.ಎ. ಎಂದು ಹೆಸರು. ಪದವಿಯ ಕೊನೆಯಲ್ಲಿ ನಿಲ್ಲುವುದು ಇದೇ. ಇಲ್ಲಿಯೂ ತೂಕದ ನಿಯಮವೇ ಸಲ್ಲುವುದು. ಒಂದು ಸೆಮಿಸ್ಟರಿನಲ್ಲಿ ೧೮ ಕ್ರೆಡಿಟ್ಟಿಗೆ ೮.೦೦, ಮತ್ತೊಂದರಲ್ಲಿ ೨೨ ಕ್ರೆಡಿಟ್ಟಿಗೆ ೭.೦೦ ಬಂದರೆ ಒಟ್ಟು ಸರಾಸರಿಯು ೭.೫೦ ಅಲ್ಲ, ೧೪೪ಕ್ಕೆ ೧೫೪ನ್ನು ಕೂಡಿಸಿ ೪೦ರಿಂದ ಭಾಗಿಸಿದ ೭.೪೫.

ನಮ್ಮ ಹುಡುಗಿಗೆ ಎರಡನೆಯ ಸೆಮಿಸ್ಟರಿನಲ್ಲಿ ೨೦ ಕ್ರೆಡಿಟ್ಟಿಗೆ ೬.೭೫ ಬಂದಿತು; ಅಂದರೆ ಮೊತ್ತ ೧೩೫. ಮೊದಲಿನ ೧೨೧ನ್ನು ಸೇರಿಸಿ ೨೫೬. ೪೦ರಿಂದ ಭಾಗಿಸಲು ೬.೪೦. ಆದರೆ ಅಷ್ಟರೊಳಗೆ ಅವಳು ಗಣಿತವನ್ನು ತಿರುಗಿ ಬರೆದು ೫೧ ಮಾರ್ಕು ಪಡೆದಳು. ಸೊನ್ನೆಯಿದ್ದಲ್ಲಿ ೫ ಅಂಕ ಬಂದಿತು; ನಾಲ್ಕು ಕ್ರೆಡಿಟ್ಟಿಗೆ ಮೊತ್ತ ೨೦ ಹೆಚ್ಚಿ, ೨೭೬ ಆಯಿತು; ಸರಾಸರಿಯು ೬.೪೦ರಿಂದ ೬.೯೦ಕ್ಕೆ ಏರಿತು. ಇದೇ ಏರಿಕೆಯನ್ನು ಇಂಗ್ಲಿಷಿನಲ್ಲಿ ೯ರಿಂದ ೧೦ಕ್ಕೆ ಏರಿ ಪಡೆಯುವೆನೆಂದರೆ ಆಗದು; ಅದರಿಂದ ಮೊತ್ತಕ್ಕೆ ಎರಡೇ ಸೇರುತ್ತಿತ್ತು. ಆದುದರಿಂದ ನಾವು ಎಲ್ಲರಿಗೂ ಹೇಳುವ ಮೊದಲ ಮಾತು ಇದು: ನಪಾಸಾದ ವಿಷಯವಿದ್ದರೆ, ಅದರಲ್ಲಿಯೂ ಹೆಚ್ಚು ಕ್ರೆಡಿಟ್ಟಿನದಿದ್ದರೆ, ಮೊದಲು ಅದನ್ನು ತೀರಿಸಿಕೊಳ್ಳಿರಿ. ತೀರಿಸದೆ ಇಟ್ಟ ಸಾಲವು ಇನ್ನೊಂದು ವರುಷದ ಓದಿನ ಮೇಲೆ ಹೊರೆಯಾಗುವುದು. ಮರುಪರೀಕ್ಷೆಯಲ್ಲಿ ಬಂದ ದರ್ಜೆಯನ್ನು ಹೇಗೆ ಎಣಿಸುವರೆಂಬುದಕ್ಕೆ ಆಯಾ ವಿಶ್ವವಿದ್ಯಾಲಯದ ನಿಯಮವೇ ಪ್ರಮಾಣ.

ಮುಂದಿನ ಯೋಜನೆ

ಎಂಜಿನಿಯರಿಂಗ್ ಪದವಿಗೆ ಒಟ್ಟು ೧೬೦ ಕ್ರೆಡಿಟ್ಟುಗಳೆಂದು ಹಿಡಿಯೋಣ. ಆ ಹುಡುಗಿಯು ತನಗೆ ಕೊನೆಯಲ್ಲಿ ೭.೭೫ ಬೇಕೆಂದಳು. ಅವಳ ತಂದೆಯು ೬.೭೫ ಬಂದರೂ ತನಗೆ ಸಮಾಧಾನವೆಂದನು. ಎರಡನ್ನೂ ಲೆಕ್ಕ ಮಾಡಿದೆವು.

ಕ್ರಮವು ಹೀಗೆ. ಬೇಕಾದ ಸರಾಸರಿಯನ್ನು ಒಟ್ಟು ಕ್ರೆಡಿಟ್ಟಿನಿಂದ ಗುಣಿಸಬೇಕು. ಅದರಿಂದ ಈಗಾಗಲೆ ಗಳಿಸಿದ ಮೊತ್ತವನ್ನು ಕಳೆಯಬೇಕು. ಉಳಿದುದನ್ನು ಉಳಿದ ಕ್ರೆಡಿಟ್ಟುಗಳಿಂದ ಭಾಗಿಸಬೇಕು. ತಂದೆಯ ಗುರಿಗೆ: ೬.೭೫ನ್ನು ೧೬೦ರಿಂದ ಗುಣಿಸಲು ೧,೦೮೦. ಅದರಲ್ಲಿ ೨೭೬ ಕಳೆಯಲು ೮೦೪. ಉಳಿದ ೧೨೦ ಕ್ರೆಡಿಟ್ಟಿಗೆ ಹಂಚಲು ೬.೭೦. ಅಂದರೆ ಅವಳು ಇದ್ದಂತೆಯೇ ನಡೆದರೂ ಅದು ಕೈಗೂಡುವುದು. ಮಗಳ ಗುರಿಗೆ: ೭.೭೫ನ್ನು ೧೬೦ರಿಂದ ಗುಣಿಸಲು ೧,೨೪೦. ೨೭೬ ಕಳೆಯಲು ೯೬೪. ೧೨೦ಕ್ಕೆ ಹಂಚಲು ೮.೦೩. ಇದು ಕಷ್ಟ, ಆದರೆ ಅಸಾಧ್ಯವಲ್ಲ.

ಈಗ ಓದುಗರು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಅವಳು ೬.೯೦ರಲ್ಲಿಯೇ ನಿಂತು, ಆಮೇಲೆ ನೋಡೋಣವೆಂದು ನಾಲ್ಕು ಸೆಮಿಸ್ಟರುಗಳನ್ನು ಕಳೆದಿದ್ದರೆ, ೮೦ ಕ್ರೆಡಿಟ್ಟಿಗೆ ೫೫೨ ಮೊತ್ತವಾಗುತ್ತಿತ್ತು. ಉಳಿದ ೮೦ಕ್ಕೆ ಬೇಕಾಗುವ ಸರಾಸರಿಯು ೮.೬೦. ಆರು ಸೆಮಿಸ್ಟರುಗಳನ್ನು ಹಾಗೆಯೇ ಕಳೆದಿದ್ದರೆ ೧೨೦ ಕ್ರೆಡಿಟ್ಟಿಗೆ ೮೨೮ ಆಗಿ, ಉಳಿದ ೪೦ಕ್ಕೆ ೧೦.೩೦ ಬೇಕಾಗುತ್ತಿತ್ತು. ಹತ್ತಕ್ಕಿಂತ ಮೇಲಿನ ಅಂಕವೇ ಇಲ್ಲವಾದುದರಿಂದ ಆಗ ಯಾರೂ ಏನೂ ಮಾಡಲಾರರು. ಒಂದೇ ಗುರಿ, ಒಂದೇ ಹುಡುಗಿ. ಮೊದಲ ವರ್ಷದ ಕೊನೆಯಲ್ಲಿ ೮.೦೩, ಎರಡನೆಯದರ ಕೊನೆಯಲ್ಲಿ ೮.೬೦, ಮೂರನೆಯದರ ಕೊನೆಯಲ್ಲಿ ದಾರಿಯೇ ಇಲ್ಲ. ಕೊನೆಯ ವರ್ಷದಲ್ಲಿ ಚೆನ್ನಾಗಿ ಓದಿ ಎಲ್ಲವನ್ನೂ ಸರಿಪಡಿಸುವೆನೆಂಬ ಮಾತು ಹಳೆಯ ಪರೀಕ್ಷೆಗಳ ಕಾಲದಲ್ಲಿ ಸ್ವಲ್ಪ ನಡೆಯುತ್ತಿತ್ತು, ಈಗ ನಡೆಯದು. ಹಾಗೆಯೇ ಮೊದಲ ಸೆಮಿಸ್ಟರು ಕೆಟ್ಟಿತೆಂದು ಎಲ್ಲವೂ ಕೆಟ್ಟಿತೆನ್ನುವ ಮಾತೂ ಸರಿಯಲ್ಲ. ಎಂಟರಲ್ಲಿ ಒಂದು ಮಾತ್ರ ಮುಗಿದಿರುತ್ತದೆ. ಉಳಿದ ಏಳರ ತೂಕವು ಮುಂದಿರುತ್ತದೆ.

ನೂರಕ್ಕೆ ಎಷ್ಟು?

ಉದ್ಯೋಗಕ್ಕೂ ಮುಂದಿನ ಓದಿಗೂ ಅರ್ಜಿ ಹಾಕುವಾಗ ನೂರಕ್ಕೆ ೬೦ ಅಥವಾ ೭೦ ಇರಬೇಕೆಂದು ಕೇಳುವವರು ಈಗಲೂ ಉಂಟು. ಸರಾಸರಿಯನ್ನು ಹತ್ತರಿಂದ ಗುಣಿಸಿದರೆ ಸಾಕೆಂದು ಹಲವರು ತಿಳಿಯುತ್ತಾರೆ. ಕೆಲವು ಕಡೆ ಅದು ಸರಿ, ಕೆಲವು ಕಡೆ ತಪ್ಪು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕೊಟ್ಟಿರುವ ಒಂದು ಕೋಷ್ಟಕದ ಮೇರೆಗೆ ೬.೨೫ಕ್ಕೆ ನೂರಕ್ಕೆ ೫೫, ೬.೭೫ಕ್ಕೆ ೬೦, ೭.೨೫ಕ್ಕೆ ೬೫, ೭.೭೫ಕ್ಕೆ ೭೦, ೮.೨೫ಕ್ಕೆ ೭೫. ಅಂದರೆ ಮೊದಲು ೦.೭೫ನ್ನು ಕಳೆದು ಆಮೇಲೆ ಹತ್ತರಿಂದ ಗುಣಿಸಬೇಕು. ತಂದೆಯ ೬.೭೫ ಮತ್ತು ಮಗಳ ೭.೭೫ ಎಂಬ ಗುರಿಗಳು ಇಲ್ಲಿಂದಲೇ ಬಂದವು. ತನ್ನ ವಿಶ್ವವಿದ್ಯಾಲಯವು ಯಾವ ಸೂತ್ರವನ್ನು ಹೇಳುತ್ತದೆಯೋ ಅದನ್ನೇ ಅರ್ಜಿಯಲ್ಲಿ ಹಿಡಿಯಬೇಕು. ಸ್ವಂತ ಸೂತ್ರವನ್ನು ಕಟ್ಟಬಾರದು. ಪರದೇಶಕ್ಕೆ ಹೋಗುವವರು ಅಮೆರಿಕದ ನಾಲ್ಕಂಕದ ಅಳತೆಗೆ ತಾವೇ ಇಳಿಸುವುದಕ್ಕೆ ಹೋಗದೆ, ಮೂಲ ಅಂಕಪಟ್ಟಿಯನ್ನೇ ಕಳುಹಿಸುವುದು ಕ್ಷೇಮ.

ಇನ್ನೊಂದು ಎಚ್ಚರಿ. ಅಕ್ಕನ ಲೆಕ್ಕವನ್ನು ತಂಗಿಗೆ ಹಚ್ಚಬಾರದು. ನಮ್ಮ ರಾಜ್ಯದಲ್ಲಿ ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಮುಂತಾದ ಪದವಿಗಳಿಗೆ ೨೦೨೧–೨೨ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರುಷಗಳ ಏರ್ಪಾಡು ಬಂದಿತು. ೨೦೨೪–೨೫ರಿಂದ ಮೂರು ವರುಷಗಳ ಪದವಿಯೇ ಮರಳಿ ಬಂದಿತು. ಎಂಜಿನಿಯರಿಂಗಿನಲ್ಲಿಯೂ ಕೆಲವು ವರುಷಗಳಿಗೊಮ್ಮೆ ಹೊಸ ಪಠ್ಯಕ್ರಮವೂ ಹೊಸ ಮೇರೆಗಳೂ ಬರುತ್ತವೆ. ಯಾವ ವರುಷದಲ್ಲಿ ಸೇರಿದಳೋ ಆ ವರುಷದ ನಿಯಮಗಳೇ ಅವಳಿಗೆ ಸಲ್ಲುವವು.

ಕಡೆಯ ಮಾತು

ಪಾಲಕರಿಗೆ ನಮ್ಮ ವಿಜ್ಞಾಪನೆ ಏನಂದರೆ, ಹತ್ತನೆಯ ತರಗತಿಯ ನೂರಕ್ಕೆ ೮೫ನ್ನೂ ಕಾಲೇಜಿನ ಹತ್ತಕ್ಕೆ ೬ನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿರಿ. ಮಗಳನ್ನು ಗದರಿಸುವ ಮೊದಲು, ಮನೆಗೆ ಕರೆತರುವ ಮಾತನ್ನಾಡುವ ಮೊದಲು, ಕಾಗದವನ್ನು ಬಿಡಿಸಿ ಕ್ರೆಡಿಟ್ಟುಗಳನ್ನು ನೋಡಿರಿ. ಯಾವ ವಿಷಯದಲ್ಲಿ ಧಾರಣೆ ಬಿದ್ದಿದೆಯೆಂದು ಅವಳನ್ನೇ ಕೇಳಿರಿ. ವಿದ್ಯಾರ್ಥಿನಿಯರಿಗೆ ನಾವು ಹೇಳುವುದೇನಂದರೆ, ನಿಮ್ಮ ನೋಟುಪುಸ್ತಕದ ಮೊದಲ ಹಾಳೆಯಲ್ಲಿ ಮೂರು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿರಿ: ಇದುವರೆಗೆ ಮುಗಿದ ಕ್ರೆಡಿಟ್ಟುಗಳು, ಇದುವರೆಗೆ ಗಳಿಸಿದ ಮೊತ್ತ, ಗುರಿ ಮುಟ್ಟುವುದಕ್ಕೆ ಇನ್ನು ಬೇಕಾಗುವ ಸರಾಸರಿ. ಸೆಮಿಸ್ಟರು ಮುಗಿದಂತೆಲ್ಲ ಅವನ್ನು ತಿದ್ದುತ್ತ ಹೋಗಿರಿ.

ಹುಲಕೋಟಿಯ ಆ ಹುಡುಗಿಯು ಮನೆಗೆ ಮರಳಲಿಲ್ಲ. ಮೂರನೆಯ ಸೆಮಿಸ್ಟರಿನಲ್ಲಿ ೭.೬೦ನ್ನೂ ನಾಲ್ಕನೆಯದರಲ್ಲಿ ೭.೮೦ನ್ನೂ ಪಡೆದಳು. ಎರಡಕ್ಕೂ ಇಪ್ಪತ್ತಿಪ್ಪತ್ತು ಕ್ರೆಡಿಟ್. ಒಟ್ಟು ಮೊತ್ತ ೫೮೪, ಸರಾಸರಿ ೭.೩೦. ಬೇಕಾಗಿದ್ದ ೮.೦೩ ಎರಡರಲ್ಲಿಯೂ ಬರಲಿಲ್ಲ. ಆದುದರಿಂದ ಉಳಿದ ೮೦ ಕ್ರೆಡಿಟ್ಟುಗಳಿಗೆ ೮.೨೦ ಬೇಕೆಂದು ಅವಳೇ ಲೆಕ್ಕ ಮಾಡಿ ನಮಗೆ ತೋರಿಸಿದಳು. ಗುರಿಯನ್ನು ಇಳಿಸೋಣವೇ ಎಂದು ನಾವು ಕೇಳಿದ್ದಕ್ಕೆ, ಇನ್ನೊಂದು ಸೆಮಿಸ್ಟರು ನೋಡಿ ಹೇಳುತ್ತೇನೆಂದಳು. ಅವಳ ತಂದೆಯು ಆ ದಿನ ಜೊತೆಯಲ್ಲಿಯೇ ಬಂದಿದ್ದನು. ಅವನ ಅಂಗಿಯ ಕಿಸೆಯಲ್ಲಿ ದಲಾಲಿ ಅಂಗಡಿಯ ಪಟ್ಟಿಗಳ ಜೊತೆಗೆ ಮಗಳ ನಾಲ್ಕು ಸೆಮಿಸ್ಟರುಗಳ ಕಾಗದಗಳೂ ಮಡಿಚಿ ಇಟ್ಟಿದ್ದವು.

ಈ ಲೆಕ್ಕದಲ್ಲಿ ಸಂದೇಹವುಳ್ಳ ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ನಮ್ಮನ್ನು ಕಾಣಬಹುದು. ಬರುವಾಗ ಅಂಕಪಟ್ಟಿಯನ್ನು ಮಾತ್ರವಲ್ಲದೆ, ಸೇರಿದ ವರುಷದ ನಿಯಮಪುಸ್ತಕವನ್ನೂ ತಪ್ಪದೆ ತರಬೇಕೆಂದು ಕೋರುತ್ತೇವೆ. ನಿಯಮವನ್ನು ಓದದೆ ಅರ್ಜಿ ಬರೆಯುವ ರೂಢಿಯನ್ನು ನಾವು ಬಿಟ್ಟಿದ್ದೇವೆ.